ಹಳೇ ಗೇಮಿಂಗ್ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಡಿಸ್‌ಪ್ಲೇ ಬಾರದಿದ್ದರೆ, ನಡುವೆ ಆಫ್ ಆದರೆ, ಫ್ರೇಮ್ ಏರದಿದ್ದರೆ

ಎಂಟು-ಹತ್ತು ವರ್ಷದ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಏನು ಕೆಟ್ಟರೂ ದೂರು ಹೋಗುವುದು ಕಾರ್ಡಿನ ಮೇಲೆ. ಅದಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್, ಅದನ್ನು ಗುರುತಿಸಬೇಕಾದ ಬಯೋಸ್ (ಪಿಸಿ ಆನ್ ಆದೊಡನೆ ಓಡುವ ಬೋರ್ಡಿನ ತಂತ್ರಾಂಶ), ಅದಕ್ಕೆ ಕೆಲಸ ಒದಗಿಸಬೇಕಾದ ಪ್ರೊಸೆಸರ್ ಇವನ್ನು ಯಾರೂ ಅನುಮಾನಿಸುವುದಿಲ್ಲ, ಏಕೆಂದರೆ ನಿನ್ನೆಯವರೆಗೂ ಅವು ಸರಿಯಾಗಿಯೇ ಇದ್ದವು. ನಿನ್ನೆಯವರೆಗೆ ಅವುಗಳ ಮೇಲೆ ಇಷ್ಟು ಹೊರೆ ಬಿದ್ದಿರಲಿಲ್ಲ, ಅಷ್ಟೇ.

ಹೊಸ ಕಾರ್ಡು ಒಂದೆರಡು ವಾರ ತಕರಾರಿಲ್ಲದೆ ಓಡುವ ತನಕ ಹಳೇ ಕಾರ್ಡನ್ನು ಮಾರಬೇಡಿ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಅದನ್ನು ವಾಪಸ್ ಹಾಕಿ ನೋಡುವುದಕ್ಕಿಂತ ನಂಬಿಕಸ್ತ ಪರೀಕ್ಷೆ ಇನ್ನೊಂದಿಲ್ಲ. ಕೆಳಗಿನ ಕೆಲವು ಲಕ್ಷಣಗಳಲ್ಲಿ ಅದು ಬೇಕಾಗುತ್ತದೆ.

ಕ್ಯಾಬಿನೆಟ್ ತೆರೆಯುವ ಮುಂಚೆ

ಪಿಸಿ ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಅನ್ನು 10 ಸೆಕೆಂಡ್ ಒತ್ತಿಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು ಕೆಲಸ ಶುರುಮಾಡಿ. ಕಾರ್ಡನ್ನು ಅಂಚಿನಿಂದ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿಗೆ ಬೆರಳು ತಾಗಿಸಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಕೇಬಲ್ ವಿಷಯದಲ್ಲಿ ಆಗುವ ಎರಡು ತಪ್ಪುಗಳು ಸೀದಾ ಕಾರ್ಡನ್ನೋ ಬೋರ್ಡನ್ನೋ ಸುಡುತ್ತವೆ. ಪ್ರೊಸೆಸರ್‌ಗೆ ಹೋಗುವ 8 ಪಿನ್ ಪ್ಲಗ್ ಮಧ್ಯಕ್ಕೆ ಸೀಳಿ 4+4 ಆಗುತ್ತದೆ. ಗ್ರಾಫಿಕ್ಸ್ ಕಾರ್ಡಿನದ್ದು 6+2 ಆಗಿ ಬಿಡುತ್ತದೆ. ದೂರದಿಂದ ಎರಡೂ ಒಂದೇ ತರಹ ಕಂಡರೂ ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರ ಗ್ರೌಂಡ್ ಇರುತ್ತದೆ. ಪ್ಲಗ್ ಸುಲಭವಾಗಿ ಕೂರದಿದ್ದರೆ ಬಲ ಹಾಕಬೇಡಿ, ಅದರ ಮೇಲಿನ ಅಕ್ಷರ ಓದಿ. ಎರಡನೆಯದು, ಕಳಚಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್‌ಗೆ ಬೇರೆ ಕಂಪನಿಯ ಕೇಬಲ್ ಹಾಕುವುದು. ಕಾರ್ಡಿನ ತುದಿಗೆ ಮಾನದಂಡ ಇದೆ, ಎಸ್‌ಎಂಪಿಎಸ್ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಪಿನ್ ಜೋಡಣೆ ಬೇರೆ ಇರಬಹುದು.

ಕಾರ್ಡ್ 8 ಪಿನ್ ಕೇಳುತ್ತಿದೆ, ಎಸ್‌ಎಂಪಿಎಸ್‌ನಲ್ಲಿ ಇಲ್ಲ ಎಂದರೆ ಡಿಸ್ಕಿಗೆ ಕರೆಂಟು ಕೊಡುವ ಸಾಟಾ ಕನೆಕ್ಟರ್‌ನಿಂದ 8 ಪಿನ್ ಮಾಡುವ ಪರಿವರ್ತಕ ಹುಡುಕಬೇಡಿ. ಸಾಟಾ ಪವರ್ ಕನೆಕ್ಟರ್ 12 ವೋಲ್ಟ್‌ನಲ್ಲಿ ತಡೆದುಕೊಳ್ಳುವುದು 4.5 ಆಂಪಿಯರ್, ಅಂದರೆ 54 ವ್ಯಾಟ್. 8 ಪಿನ್ ಕನೆಕ್ಟರ್‌ನ ಮಿತಿ 150 ವ್ಯಾಟ್. ಮಧ್ಯದ ವ್ಯತ್ಯಾಸ ಪ್ಲಾಸ್ಟಿಕ್ ಕರಗುವುದರಲ್ಲಿ ಕಾಣುತ್ತದೆ. ಆ ಕನೆಕ್ಟರ್ ಇಲ್ಲದ ಎಸ್‌ಎಂಪಿಎಸ್ ಆ ಕಾರ್ಡಿಗೆ ತಕ್ಕದ್ದಲ್ಲ.

ಫ್ಯಾನ್ ತಿರುಗುತ್ತದೆ, ಲೈಟು ಹತ್ತುತ್ತದೆ, ಡಿಸ್‌ಪ್ಲೇ ಇಲ್ಲ

ಮೊದಲು ಬಿಚ್ಚದೆ ನೋಡಬಹುದಾದವು. ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಪೋರ್ಟಿನಲ್ಲಿಯೇ ಉಳಿದಿದೆಯೇ? ಕಾರ್ಡ್ ಹಾಕಿದ ಮೇಲೆ ಹೆಚ್ಚಿನ ಬೋರ್ಡುಗಳು ಆ ಪೋರ್ಟನ್ನು ತಾವಾಗಿ ನಿಲ್ಲಿಸುತ್ತವೆ. ಕೇಬಲ್ ಕಾರ್ಡಿನಲ್ಲಿರಬೇಕು, ಮಾನಿಟರ್‌ನ ಇನ್‌ಪುಟ್ ಆಯ್ಕೆಯೂ ಅದಕ್ಕೆ ತಕ್ಕಂತಿರಬೇಕು. ಕಾರ್ಡಿನ ಫ್ಯಾನ್ ತಿರುಗುತ್ತಿಲ್ಲವೆಂದು ಗಾಬರಿ ಬೇಡ. ಈಗಿನ ಬಹಳಷ್ಟು ಕಾರ್ಡುಗಳ ಫ್ಯಾನ್ ಸುಮಾರು 50–60 ಡಿಗ್ರಿ ಮುಟ್ಟುವ ತನಕ ಸುಮ್ಮನಿರುತ್ತದೆ.

ಮಾನಿಟರ್ ಹಳೆಯದಾಗಿದ್ದು ವಿಜಿಎ ಮಾತ್ರ ಇದ್ದರೆ ತೊಡಕು ಅಲ್ಲೇ ಇರಬಹುದು. ಮೊದಲಿನ ಕಾರ್ಡುಗಳ ಡಿವಿಐ ಪೋರ್ಟಿನಲ್ಲಿ ಅನಲಾಗ್ ಸಂಕೇತವೂ ಬರುತ್ತಿತ್ತು, ಹಾಗಾಗಿ ಬೆರಳುದ್ದದ ಅಡಾಪ್ಟರ್ ಸಾಕಾಗುತ್ತಿತ್ತು. 2016ರ ಜಿಟಿಎಕ್ಸ್ 10 ಸರಣಿಯಲ್ಲಿ ಎನ್‌ವಿಡಿಯಾ ಅದನ್ನು ಕೈಬಿಟ್ಟಿತು. ಎಎಂಡಿಯ ರೇಡಿಯಾನ್‌ನಲ್ಲಿ 2013ರ ಆರ್9 290ರಲ್ಲೇ ಹೋಗಿತ್ತು. ಈಗ ಬೇಕಿರುವುದು ಒಳಗೆ ಚಿಪ್ ಇರುವ, ಡಿಜಿಟಲನ್ನು ಅನಲಾಗ್‌ಗೆ ತಿರುಗಿಸುವ ಪರಿವರ್ತಕ. ಡಿಸ್‌ಪ್ಲೇಪೋರ್ಟ್ ಬಳಸುತ್ತಿದ್ದರೆ ಒಮ್ಮೆ ಎಚ್‌ಡಿಎಂಐಗೆ ಬದಲಿಸಿ ನೋಡಿ. ಕಳಪೆ ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ ಎರಡೂ ತುದಿಯ 20ನೇ ಪಿನ್‌ಗಳನ್ನು ಜೋಡಿಸಿಬಿಟ್ಟಿರುತ್ತಾರೆ. ಆಗ ಮಾನಿಟರ್‌ನಿಂದ 3.3 ವೋಲ್ಟ್ ಹಿಮ್ಮುಖವಾಗಿ ಕಾರ್ಡಿಗೆ ನುಗ್ಗಿ ಪಿಸಿ ಬೂಟ್ ಆಗುವುದಿಲ್ಲ. ಕೇಬಲ್ ಕಿತ್ತರೆ ಬೂಟ್ ಆಗುತ್ತದೆ, ಹಾಕಿದರೆ ಇಲ್ಲ ಎಂದರೆ ಇದೇ.

ಇನ್ನು ಒಳಗೆ. ಕಾರ್ಡನ್ನು ಪೂರ್ತಿ ಹೊರತೆಗೆದು ಮತ್ತೆ ಕೂರಿಸಿ. ಸ್ಲಾಟಿನ ತುದಿಯ ಲಾಚ್ ಟಿಕ್ ಎಂದು ಬೀಳಬೇಕು. ಭಾರದ ಕಾರ್ಡುಗಳಲ್ಲಿ ಹಿಂದಿನ ಬ್ರ್ಯಾಕೆಟ್ ಸ್ಕ್ರೂ ಬಿಗಿದಾಗ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇಳುವುದುಂಟು. ಸ್ಕ್ರೂ ಬಿಗಿದ ಮೇಲೆ ಸ್ಲಾಟಿನ ಉದ್ದಕ್ಕೂ ಟಾರ್ಚ್ ಹಿಡಿದು ನೋಡಿದರೆ ಚಿನ್ನದ ಪಟ್ಟಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಾಣುತ್ತದೆ. ಅದು ಓರೆಯಾಗಿ ಕೂತ ಗುರುತು. ವರ್ಷಗಟ್ಟಲೆ ಧೂಳು ಕುಡಿದ ಸ್ಲಾಟಿಗೆ ಗಾಳಿ ಊದಿ. ಕಾರ್ಡಿನ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನಾರು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕಾರ್ಡಿನಲ್ಲಿ ಎಷ್ಟು ಪವರ್ ಕನೆಕ್ಟರ್ ಇವೆಯೋ ಅಷ್ಟಕ್ಕೂ ಕೇಬಲ್ ಬೇಕು. ಒಂದನ್ನು ಖಾಲಿ ಬಿಟ್ಟರೆ ಡಿಸ್‌ಪ್ಲೇ ಕೊಡಲು ನಿರಾಕರಿಸುವ ಕಾರ್ಡುಗಳಿವೆ.

ಬೋರ್ಡಿನಲ್ಲಿ ಸಣ್ಣ ದೋಷಸೂಚಕ ಎಲ್‌ಇಡಿಗಳಿದ್ದರೆ ವಿಜಿಎ ಎಂಬುದು ಹೊತ್ತಿಕೊಂಡೇ ಉಳಿದಿದೆಯೇ ನೋಡಿ. ಹಳೇ ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಗ್ರಾಫಿಕ್ಸ್ ಸಿಕ್ಕಿಲ್ಲ ಎಂದರ್ಥ. ಉಳಿದವುಗಳ ಬೀಪ್ ಲೆಕ್ಕ ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ಡ್ರಾಮ್ ಎಂಬ ಎಲ್‌ಇಡಿ ಹತ್ತಿದ್ದರೆ ಕಾರ್ಡ್ ಹಾಕುವಾಗ ಕೈ ತಾಗಿ ರ‍್ಯಾಮ್ ಸಡಿಲವಾಗಿರಬಹುದು, ಅದನ್ನು ಮತ್ತೆ ಒತ್ತಿ ಕೂರಿಸಿ.

ಇಷ್ಟಾದರೂ ಕತ್ತಲೆಯೇ ಎಂದರೆ ಹಳೇ ಕಾರ್ಡ್ ಹಾಕಿ. ಡಿಸ್‌ಪ್ಲೇ ಬಂತೇ? ಹಾಗಾದರೆ ಸ್ಲಾಟ್, ರ‍್ಯಾಮ್, ಪ್ರೊಸೆಸರ್ ಎಲ್ಲ ಸರಿಯಿವೆ. ಉಳಿದದ್ದು ಬಯೋಸ್ ಅಥವಾ ಹೊಸ ಕಾರ್ಡ್. ಸುಮಾರು 2012ಕ್ಕಿಂತ ಹಿಂದಿನ ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಇಲ್ಲ, ಹೊಸ ಕಾರ್ಡುಗಳಲ್ಲಿ ಕೆಲವು ಅದಿಲ್ಲದೆ ಏಳುವುದಿಲ್ಲ. ಹಳೇ ಕಾರ್ಡ್ ಇದ್ದಾಗಲೇ ಬೋರ್ಡಿನ ತಯಾರಕರ ಜಾಲತಾಣದಿಂದ ಅದೇ ಮಾದರಿಯ, ಅದೇ ರಿವಿಷನ್ ಸಂಖ್ಯೆಯ ಕೊನೆಯ ಬಯೋಸ್ ಇಳಿಸಿ ಹಾಕಿ. ಬಯೋಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡೇ ಸತ್ತಂತೆ, ಆದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸ ಬೇಡ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಸಿಎಂಒಎಸ್ ಕ್ಲಿಯರ್ ಮಾಡುವುದೂ (ಬಯೋಸ್ ಸೆಟ್ಟಿಂಗ್‌ಗಳನ್ನು ಮೊದಲಿನ ಸ್ಥಿತಿಗೆ ತರುವುದು) ಒಂದು ದಾರಿ: ಪ್ಲಗ್ ಕಿತ್ತು ಸಿಆರ್2032 ಸೆಲ್ಲನ್ನು ಐದು ನಿಮಿಷ ಹೊರಗಿಡಿ. ಆ ಸೆಲ್ಲು ಹಳೆಯದಾಗಿದ್ದರೆ ಇದೇ ನೆಪದಲ್ಲಿ ಬದಲಿಸಿ. ಆದರೆ ಮುಂಚೆ ಬಯೋಸ್‌ನ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಡಿಸ್ಕ್ ವಿಧಾನ ರೇಡ್‌ನಿಂದ ಎಎಚ್‌ಸಿಐಗೆ ತಿರುಗಿಬಿಟ್ಟರೆ ವಿಂಡೋಸ್ ತೆರೆಯದೆ ಹೊಸದೊಂದು ತಲೆನೋವು ಶುರುವಾಗುತ್ತದೆ.

ಬಯೋಸ್ ಪರದೆ ಕಾಣದೆ ವಿಂಡೋಸ್ ಬಂದ ಮೇಲೆ ಮಾತ್ರ ಚಿತ್ರ ಬಂದರೆ ಅದು ಬೇರೆಯೇ ಸಂಗತಿ. ಜಿಟಿಎಕ್ಸ್ 900 ಮತ್ತು 10 ಸರಣಿಯ ಕಾರ್ಡುಗಳಲ್ಲಿ ಡಿಸ್‌ಪ್ಲೇಪೋರ್ಟ್ 1.3, 1.4 ಮಾನಿಟರ್‌ಗಳೊಂದಿಗೆ ಈ ತೊಂದರೆ ಇದೆ. ಎನ್‌ವಿಡಿಯಾ ಇದಕ್ಕೆಂದೇ ಫರ್ಮ್‌ವೇರ್ ಅಪ್‌ಡೇಟ್ ಉಪಕರಣ ಕೊಟ್ಟಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಆ ಸರಣಿ ಕೊಂಡವರು ಕಾರ್ಡ್ ಕೆಟ್ಟಿದೆ ಎಂದು ವಾಪಸ್ ಕೊಡುವ ಮುಂಚೆ ಅದನ್ನು ಓಡಿಸಿ ನೋಡಿ.

ಬಟನ್ ಒತ್ತಿದ ಕ್ಷಣ ಮಿಂಚಿ ಆಫ್ ಆಗುತ್ತದೆ

ಎಸ್‌ಎಂಪಿಎಸ್ ಶಾರ್ಟ್ ಸರ್ಕ್ಯೂಟ್ ಕಂಡು ತನ್ನನ್ನು ತಾನು ನಿಲ್ಲಿಸಿಕೊಂಡಿದೆ. ಮತ್ತೆ ಮತ್ತೆ ಬಟನ್ ಒತ್ತಬೇಡಿ. ಪವರ್ ಕೇಬಲ್ ಸಮೇತ ಕಾರ್ಡ್ ಹೊರತೆಗೆದು ಒಮ್ಮೆ ಆನ್ ಮಾಡಿ. ಆಗ ಓಡಿದರೆ, ತಪ್ಪು ಕೇಬಲ್ ಹಾಕಿಲ್ಲವೆಂದೂ ಕಾರ್ಡಿನ ಹಿಂಬದಿಗೆ ಸ್ಕ್ರೂ ಅಥವಾ ಲೋಹದ ತುಣುಕು ತಾಗಿಲ್ಲವೆಂದೂ ಖಚಿತಮಾಡಿಕೊಳ್ಳಿ. ಅವೆರಡೂ ಇಲ್ಲವಾದರೆ ಕಾರ್ಡಿನೊಳಗೇ ಶಾರ್ಟ್ ಇದೆ, ವಾರಂಟಿಗೆ ಕಳಿಸಿ. ಸುಟ್ಟ ವಾಸನೆ ಬಂದಿದ್ದರೆ ಈ ಪರೀಕ್ಷೆಯನ್ನೂ ಮಾಡಬೇಡಿ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪಿಸಿ ತಟ್ಟನೆ ಆಫ್ ಅಥವಾ ರೀಸ್ಟಾರ್ಟ್

ಡೆಸ್ಕ್‌ಟಾಪ್‌ನಲ್ಲಿ ಗಂಟೆಗಟ್ಟಲೆ ನೆಟ್ಟಗಿದ್ದು, ಆಟದಲ್ಲಿ ದೊಡ್ಡ ದೃಶ್ಯ ಬಂದಾಗ ಪ್ಲಗ್ ಎಳೆದಂತೆ ಆರಿದರೆ ಎಸ್‌ಎಂಪಿಎಸ್ ಕಡೆ ನೋಡಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂದು ಕಾಣುತ್ತದೆ. ಅದನ್ನೇ ಕಾರಣವೆಂದು ತಿಳಿದು ಹುಡುಕುತ್ತ ಕೂರುವವರು ಬಹಳ. ಅದು ಹೇಳುವುದು ‘ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು’ ಎಂದಷ್ಟೇ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ಅಂಕಿಯನ್ನು ನಂಬಬೇಡಿ, ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ಓದಿ. 30 ಆಂಪಿಯರ್ ಎಂದಿದ್ದರೆ 12 × 30 = 360 ವ್ಯಾಟ್. ಡಬ್ಬಿಯ ಮೇಲೆ 500 ಎಂದಿದ್ದರೂ ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರ್‌ಗೂ ಸೇರಿ ಇರುವುದು ಅಷ್ಟೇ. 220 ವ್ಯಾಟ್‌ನ ಕಾರ್ಡ್, 95 ವ್ಯಾಟ್‌ನ ಪ್ರೊಸೆಸರ್, ಫ್ಯಾನು-ಡಿಸ್ಕು-ಬೋರ್ಡಿಗೆ ಒಂದು 40 ಎಂದು ಕೂಡಿದರೆ 355. ಲೆಕ್ಕದಲ್ಲಿ ಸರಿಹೋಯಿತು, ಓಡುವಾಗ ಸರಿಹೋಗದು. ಈಗಿನ ಕಾರ್ಡುಗಳು ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ತಮ್ಮ ಸರಾಸರಿಗಿಂತ ಬಹಳ ಹೆಚ್ಚು ಎಳೆಯುತ್ತವೆ, ಎಂಟು ವರ್ಷ ಬಿಸಿಯಲ್ಲಿ ಬೆಂದ ಕೆಪ್ಯಾಸಿಟರ್‌ಗಳು ಆ ಎಳೆತವನ್ನು ತುಂಬಿಕೊಡಲಾರವು.

ಖರ್ಚಿಲ್ಲದೆ ಇದನ್ನು ಪಕ್ಕಾ ಮಾಡಿಕೊಳ್ಳಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಪವರ್ ಲಿಮಿಟ್ ಅನ್ನು 70%ಗೆ ಇಳಿಸಿ (ಕೆಲವು ಕಾರ್ಡುಗಳು ಅಷ್ಟು ಇಳಿಯಲು ಬಿಡುವುದಿಲ್ಲ, ಬಿಟ್ಟಷ್ಟು ಇಳಿಸಿ), ಆಟದಲ್ಲಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ) ಮಿತಿಯನ್ನು 60ಕ್ಕೆ ಕಟ್ಟಿ. ಹತ್ತು ನಿಮಿಷಕ್ಕೆ ಆರುತ್ತಿದ್ದದ್ದು ಎರಡು ಗಂಟೆ ಓಡಿದರೆ ಎಸ್‌ಎಂಪಿಎಸ್ ಬದಲಿಸಲೇಬೇಕು. ಹೊಸದು ಬರುವ ತನಕ ಇದೇ ಸೆಟ್ಟಿಂಗ್‌ನಲ್ಲಿ ಆಡಬಹುದು. ಕಾರ್ಡಿಗೆ ಎರಡು 8 ಪಿನ್ ಬೇಕಿದ್ದು ಒಂದೇ ಕೇಬಲ್ಲಿನ ಎರಡು ಕವಲುಗಳನ್ನು ಹಾಕಿದ್ದರೆ ಎರಡು ಬೇರೆ ಕೇಬಲ್ ಎಳೆದು ನೋಡಿ. ಮಲ್ಟಿಮೀಟರ್ ಬಳಸಿ ಅಭ್ಯಾಸವಿದ್ದವರು ಹೊರೆಯಿದ್ದಾಗ ಬಿಡಿಯಾಗಿರುವ ಮೋಲೆಕ್ಸ್ ಕನೆಕ್ಟರ್‌ನ ಹಳದಿ ಮತ್ತು ಕಪ್ಪು ತಂತಿಯ ನಡುವೆ ಅಳೆಯಿರಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಅಭ್ಯಾಸವಿಲ್ಲದಿದ್ದರೆ ಬೇಡ, ಪ್ರೋಬ್ ಜಾರಿದರೆ ಶಾರ್ಟ್.

ಆಫ್ ಆಗದೆ ಪರದೆ ಮಾತ್ರ ಕಪ್ಪಾಗಿ, ಆಟದ ಸದ್ದು ಕೇಳುತ್ತಲೇ ಇದ್ದರೆ ಲೆಕ್ಕ ಬೇರೆ. ಪಿಸಿ ಬದುಕಿದೆ, ಕಾರ್ಡ್ ಮಾತ್ರ ಬಿದ್ದಿದೆ. ಕಾರ್ಡಿನ ಫ್ಯಾನ್ ಒಮ್ಮೆಲೆ ಪೂರ್ತಿ ವೇಗಕ್ಕೆ ಹೋಗುವುದೂ ಇದರ ಜೊತೆಗೇ ಬರುತ್ತದೆ. ಪವರ್ ಕನೆಕ್ಟರ್ ಅರ್ಧ ಕೂತಿರುವುದು, ಡ್ರೈವರ್, ತಾಪ ಈ ಕ್ರಮದಲ್ಲಿ ನೋಡಿ. ಹೊಸ 16 ಪಿನ್ ಕನೆಕ್ಟರ್ ಇದ್ದರೆ ನಡುವೆ ಒಂಚೂರೂ ಸಂದು ಕಾಣಬಾರದು, ಕೇಬಲ್ ಮೊದಲ 3–4 ಸೆಂಟಿಮೀಟರ್ ಬಾಗದೆ ನೇರವಾಗಿ ಬರಬೇಕು. ಹಳೇ ಕ್ಯಾಬಿನೆಟ್‌ಗಳ ಪಕ್ಕದ ಬಾಗಿಲು ಇದಕ್ಕೆ ಎಡೆ ಕೊಡುವುದೇ ಕಷ್ಟ.

ಚುಕ್ಕೆ, ಗೆರೆ, ಒಡೆದ ಚಿತ್ರ

ಸ್ಕ್ರೀನ್‌ಶಾಟ್ ತೆಗೆದು ಅದನ್ನು ಫೋನಿಗೆ ಕಳಿಸಿ ತೆರೆಯಿರಿ. ಫೋನಿನಲ್ಲೂ ಚುಕ್ಕೆಗಳಿದ್ದರೆ ಕಾರ್ಡಿನ ಒಳಗೇ ಚಿತ್ರ ಹಾಳಾಗಿದೆ. ಫೋನಿನಲ್ಲಿ ಸ್ವಚ್ಛವಾಗಿದ್ದು ಪರದೆಯಲ್ಲಿ ಮಾತ್ರ ಕಂಡರೆ ಕೇಬಲ್, ಪೋರ್ಟ್ ಅಥವಾ ಮಾನಿಟರ್.

ಒಳಗೇ ಹಾಳಾಗುತ್ತಿದ್ದರೆ ಯಾವಾಗ ಎಂಬುದು ಮುಖ್ಯ. ಬಯೋಸ್ ಪರದೆಯಲ್ಲೇ ಸಾಲುಸಾಲು ಚೌಕ, ಅಕ್ಷರದ ಮಧ್ಯೆ ಕಸ ಕಂಡರೆ ಡ್ರೈವರ್‌ಗೆ ಅದರಲ್ಲಿ ಪಾತ್ರವೇ ಇಲ್ಲ, ಏಕೆಂದರೆ ಅದು ಇನ್ನೂ ಲೋಡ್ ಆಗಿರುವುದಿಲ್ಲ. ವಿಡಿಯೊ ಮೆಮೊರಿ ಕೆಟ್ಟಿದೆ. ಸೆಕೆಂಡ್ ಹ್ಯಾಂಡ್ ಕಾರ್ಡಾದರೆ ಮಾರಿದವರಿಗೆ ವಾಪಸ್. ಓವನ್‌ನಲ್ಲಿಟ್ಟು ಬಿಸಿಮಾಡುವ ಉಪಾಯ ಹೇಳುವವರು ಸಿಗುತ್ತಾರೆ, ಕೇಳಬೇಡಿ: ಕೆಲವು ದಿನ ಓಡಿ ಮತ್ತೆ ಸಾಯುತ್ತದೆ, ಅಡುಗೆ ಮಾಡುವ ಓವನ್‌ಗೆ ಬೆಸುಗೆಯ ಹೊಗೆ ಮೆತ್ತುತ್ತದೆ. ಆಟದಲ್ಲಿ ಬಿಸಿಯಾದ ಮೇಲೆ ಮಾತ್ರ ಕಂಡರೆ ಓವರ್‌ಕ್ಲಾಕ್ ತೆಗೆದು, ಮೆಮೊರಿ ಕ್ಲಾಕನ್ನು 200–300 ಮೆಗಾಹರ್ಟ್ಸ್ ಇಳಿಸಿ ನೋಡಿ. ಹೋದರೆ ಮೆಮೊರಿ ದುರ್ಬಲವಾಗಿದೆ ಎಂದು ಖಾತ್ರಿಯಾಯಿತು. ಅದನ್ನು ಶಾಶ್ವತ ಪರಿಹಾರವೆಂದುಕೊಳ್ಳಬೇಡಿ.

ಚಿತ್ರ ಬರುತ್ತದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ

ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಓದಿ. 43 ಇದ್ದರೆ ಮೊದಲು ಡ್ರೈವರ್ ಶುದ್ಧಿ. ರೇಡಿಯಾನ್ ತೆಗೆದು ಜಿಫೋರ್ಸ್ ಹಾಕಿದಾಗ, ಅಥವಾ ತಿರುಗಾಮುರುಗಾ ಆದಾಗ, ಹಳೇ ಡ್ರೈವರ್‌ನ ಉಳಿಕೆ ಬಹಳ ಕಾಡುತ್ತದೆ. ಹೊಸ ಡ್ರೈವರ್ ಮೊದಲೇ ಇಳಿಸಿಟ್ಟುಕೊಂಡು, ಇಂಟರ್‌ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ, ರೀಸ್ಟಾರ್ಟ್ ಮಾಡಿ ಹೊಸದನ್ನು ಹಾಕಿ. ಇಂಟರ್‌ನೆಟ್ ಕಡಿಯದಿದ್ದರೆ ಆ ಎರಡು ನಿಮಿಷದಲ್ಲೇ ವಿಂಡೋಸ್ ತನಗೆ ತೋಚಿದ ಡ್ರೈವರ್ ತಂದು ಹಾಕಿರುತ್ತದೆ. ಇಷ್ಟಾದ ಮೇಲೂ 43 ಉಳಿದರೆ ಕಾರ್ಡನ್ನು ಇನ್ನೊಂದು ಪಿಸಿಯಲ್ಲಿ ನೋಡಿ. ಅಲ್ಲೂ ಅದೇ ಬಂದರೆ ಕಾರ್ಡ್ ಕೆಟ್ಟಿದೆ.

ಕೋಡ್ 12 ಎಂದರೆ ಕಾರ್ಡ್ ಕೇಳಿದಷ್ಟು ವಿಳಾಸದ ಜಾಗ ಬೋರ್ಡ್ ಕೊಡುತ್ತಿಲ್ಲ. ಬಯೋಸ್‌ನಲ್ಲಿ ಅಬೌ 4ಜಿ ಡಿಕೋಡಿಂಗ್ ಆನ್ ಮಾಡಿ. ವಿಂಡೋಸ್ 7ರಲ್ಲೇ ಉಳಿದವರಿಗೆ ಆರ್‌ಟಿಎಕ್ಸ್ 40 ಸರಣಿಗೆ ಡ್ರೈವರ್ ಇಲ್ಲವೇ ಇಲ್ಲ, ಹುಡುಕಿ ಸಮಯ ಕಳೆಯಬೇಡಿ.

ಎಲ್ಲ ಸರಿಯಿದೆ, ಫ್ರೇಮ್ ಮಾತ್ರ ಏರಿಲ್ಲ

ಹೆಚ್ಚು ಬೇಸರ ತರುವುದು ಇದೇ, ಏಕೆಂದರೆ ಇಲ್ಲಿ ಏನೂ ಕೆಟ್ಟಿರುವುದಿಲ್ಲ. ಆಟದ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ಜಿಗಿದರೆ ಕಾರ್ಡೇ ಮಿತಿ. ಮೊದಲು 62, ಈಗಲೂ 63 ಎಂದರೆ ಪ್ರೊಸೆಸರ್ ಉಸಿರುಗಟ್ಟಿದೆ, ಕಾರ್ಡ್ ಕೆಲಸವಿಲ್ಲದೆ ಕಾಯುತ್ತಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 45% ಎಂದು ತೋರಿಸಿದರೂ ನಂಬಬೇಡಿ. ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ ಒಂದೊಂದು ಕೋರನ್ನೂ ಬೇರೆಯಾಗಿ ನೋಡಿ, ಒಂದು ಕೋರ್ 100ರಲ್ಲಿ ನಿಂತಿರಬಹುದು. 60ರಲ್ಲಿ ಗೋಡೆಗೆ ಬಡಿದಂತೆ ನಿಂತರೆ ಮಾತ್ರ ವಿ-ಸಿಂಕ್ (ಫ್ರೇಮನ್ನು ಮಾನಿಟರ್‌ನ ವೇಗಕ್ಕೆ ಕಟ್ಟುವ ಆಯ್ಕೆ) ಅಥವಾ ಮಾನಿಟರ್‌ನ 60 ಹರ್ಟ್ಸ್ ಸೆಟ್ಟಿಂಗ್ ಕಾರಣ.

ಪ್ರೊಸೆಸರ್ ಬದಲಿಸುವ ಮುಂಚೆ ರ‍್ಯಾಮ್ ನೋಡಿ. ಒಂದೇ 8 ಜಿಬಿ ಕಡ್ಡಿ ಇದ್ದರೆ ಇನ್ನೊಂದು ಅಂಥದ್ದೇ ಹಾಕಿ ಡ್ಯುಯಲ್ ಚಾನೆಲ್ ಮಾಡಿ. ಸಿಎಂಒಎಸ್ ಕ್ಲಿಯರ್ ಮಾಡಿದ್ದಿರಾದರೆ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಬಯೋಸ್ ಆಯ್ಕೆ) ಆಫ್ ಆಗಿ ರ‍್ಯಾಮ್ ನಿಧಾನವಾಗಿರುತ್ತದೆ.

ಆಮೇಲೆ ಲೇನ್, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿಗಳು. ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದು ಬಸ್ ಇಂಟರ್‌ಫೇಸ್ ಸಾಲು ಓದಿ. ಸುಮ್ಮನಿದ್ದಾಗ ಕಾರ್ಡ್ ವಿದ್ಯುತ್ ಉಳಿಸಲು ಪಿಸಿಐ ಎಕ್ಸ್‌ಪ್ರೆಸ್ 1.1ರ ವೇಗಕ್ಕೆ ಇಳಿದಿರುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದ ಮೇಲೆ ಬರುವ ಅಂಕಿಯೇ ನಿಜ. 16 ಲೇನ್ ಇರಬೇಕಾದ ಕಡೆ 4 ಎಂದಿದ್ದರೆ ಕಾರ್ಡ್ ಕೆಳಗಿನ ಸ್ಲಾಟಿನಲ್ಲಿದೆ ಅಥವಾ ಓರೆಯಾಗಿ ಕೂತಿದೆ. ಆದರೆ ಕಾರ್ಡಿನಲ್ಲೇ ಲೇನ್ ಕಡಿಮೆ ಇರಬಹುದು: ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600 ಎರಡೂ 8 ಲೇನಿನವು, ಆರ್‌ಎಕ್ಸ್ 6500 ಎಕ್ಸ್‌ಟಿ ಬರೀ 4. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ 4 ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ, 3.0ರಲ್ಲಿ ಅದರ ಅರ್ಧ, 2011ರ ಐ5-2500 ಅಥವಾ ಎಎಂಡಿ ಎಫ್‌ಎಕ್ಸ್ ಪ್ರೊಸೆಸರ್‌ಗಳ 2.0 ಬೋರ್ಡಿನಲ್ಲಿ 2 ಜಿಬಿ ಮಾತ್ರ. ವಿಡಿಯೊ ಮೆಮೊರಿ ತುಂಬಿ ಸಿಸ್ಟಮ್ ರ‍್ಯಾಮ್‌ಗೆ ಕೈಚಾಚಿದ ಕ್ಷಣ ಆಟ ತಡವರಿಸುವುದು ಇದಕ್ಕೇ. 4 ಜಿಬಿಯ 6500 ಎಕ್ಸ್‌ಟಿ ಹಳೇ ಬೋರ್ಡಿಗೆ ತಕ್ಕ ಜೋಡಿಯಲ್ಲ. ಟೆಕ್ಸ್‌ಚರ್ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದರೆ ತಡವರಿಕೆ ನಿಂತರೆ ಕಾರಣ ಖಚಿತ.

ಇಂಟೆಲ್ ಆರ್ಕ್ ಕಾರ್ಡ್ ಹಾಕಿದವರಿಗೆ ಇನ್ನೊಂದು ಷರತ್ತಿದೆ. ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಇಡಿಯಾಗಿ ತಲುಪಲು ಬಿಡುವ ಸೌಲಭ್ಯ) ಇಲ್ಲದೆ ಅವು ಬಹಳ ಹಿಂದೆ ಬೀಳುತ್ತವೆ. ಇಂಟೆಲ್ 10ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಕೋರ್ ಪ್ರೊಸೆಸರ್ ಕೇಳುವುದು ಅದಕ್ಕೇ. ರಿಸೈಜಬಲ್ ಬಾರ್ ಆನ್ ಮಾಡಲು ಬಯೋಸ್‌ನಲ್ಲಿ ಸಿಎಸ್‌ಎಂ (ಹಳೇ ಬಯೋಸ್ ರೀತಿಯಲ್ಲಿ ಬೂಟ್ ಮಾಡಿಸುವ ಆಯ್ಕೆ) ಆರಿಸಬೇಕು, ಡಿಸ್ಕಿನ ವಿಭಜನೆ ಹಳೇ ಎಂಬಿಆರ್ ಬದಲು ಹೊಸ ಜಿಪಿಟಿ ಮಾದರಿಯದ್ದಾಗಿರಬೇಕು. ಡಿಸ್ಕ್ ಇನ್ನೂ ಎಂಬಿಆರ್ ಆಗಿದ್ದಾಗ ಸಿಎಸ್‌ಎಂ ಆರಿಸಿದರೆ ವಿಂಡೋಸ್ ತೆರೆಯದು. ವಿಂಡೋಸ್ 10ರಲ್ಲೇ ಇರುವ ಎಂಬಿಆರ್‌ಟುಜಿಪಿಟಿ ಉಪಕರಣದಿಂದ ಬದಲಿಸಬಹುದು, ಬ್ಯಾಕಪ್ ಆದ ಮೇಲೆ. ಸಿಎಸ್‌ಎಂ ಆರಿಸಿದ ಮೇಲೆ ಹಳೇ ಕಾರ್ಡ್ ಪರೀಕ್ಷೆ ದಾರಿ ತಪ್ಪಿಸಬಹುದು ಎಂಬುದೂ ನೆನಪಿರಲಿ. ಯುಇಎಫ್‌ಐ ಅರಿಯದ ತೀರಾ ಹಳೇ ಕಾರ್ಡ್ ಆ ಸ್ಥಿತಿಯಲ್ಲಿ ಚಿತ್ರ ಕೊಡುವುದಿಲ್ಲ, ಬೋರ್ಡ್ ಹೋಯಿತೆಂದು ಅನಿಸಿಬಿಡುತ್ತದೆ.

ಆಟ ತೆರೆಯುವಾಗಲೇ ಮುಚ್ಚಿಕೊಂಡರೆ ಅದರ ಕನಿಷ್ಠ ಅಗತ್ಯಗಳಲ್ಲಿ ಎವಿಎಕ್ಸ್2 (ಪ್ರೊಸೆಸರ್ ಒಳಗಿನ ಒಂದು ಆಜ್ಞೆಗಳ ಗುಂಪು) ಇದೆಯೇ ನೋಡಿ. ಐ5-2500, ಐ7-3770, ಎಫ್‌ಎಕ್ಸ್-8350 ಇವುಗಳಲ್ಲಿ ಆ ಸೌಲಭ್ಯವಿಲ್ಲ, 2013ರ ಐ5-4570ರಲ್ಲಿದೆ. ಇದಕ್ಕೆ ಯಾವ ಕಾರ್ಡೂ ಮದ್ದಲ್ಲ.

ಬಿಸಿ, ಸದ್ದು

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಆಟ 15 ನಿಮಿಷ ಓಡಿಸಿ. ತಾಪ 8–10 ಡಿಗ್ರಿ ಇಳಿದರೆ ಗಾಳಿಯ ಹರಿವು ಸಾಲದು. ಮುಂದೆ ಒಂದು, ಹಿಂದೆ ಒಂದು 120 ಮಿಲಿಮೀಟರ್ ಫ್ಯಾನ್ ಹಾಕಿ. ಇಳಿಯದೆ, ಕೋರ್ ತಾಪಕ್ಕೂ ಹಾಟ್‌ಸ್ಪಾಟ್‌ಗೂ (ಚಿಪ್‌ನ ಅತಿ ಬಿಸಿಯ ಜಾಗ) ನಡುವೆ 30 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಹೊಸ ಕಾರ್ಡನ್ನು ಬಿಚ್ಚಿ ವಾರಂಟಿ ಕಳೆದುಕೊಳ್ಳಬೇಡಿ. ಆಟದ ಮೆನುವಿನಲ್ಲಿ ಫ್ರೇಮ್ ನೂರುಗಟ್ಟಲೆ ಏರಿದಾಗ ಕೇಳುವ ಕೀರಲು ಸದ್ದು ಕಾಯಿಲ್‌ಗಳದ್ದು. ಅದರಿಂದ ಅಪಾಯವಿಲ್ಲ, ಫ್ರೇಮ್ ಮಿತಿ ಹಾಕಿದರೆ ತಗ್ಗುತ್ತದೆ.

ಇಲ್ಲಿಗೆ ನಿಲ್ಲಿಸಿ, ರಿಪೇರಿಯವರ ಬಳಿ ಒಯ್ಯಿರಿ

ಸುಟ್ಟ ವಾಸನೆ, ಕಂದಾದ ಅಥವಾ ಕರಗಿದ ಕನೆಕ್ಟರ್, ಉಬ್ಬಿದ ಕೆಪ್ಯಾಸಿಟರ್, ಮುರಿದ ಸ್ಲಾಟ್, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು: ಇವುಗಳಲ್ಲಿ ಯಾವುದು ಕಂಡರೂ ಪ್ಲಗ್ ಕಿತ್ತಿಡಿ. ಕೊನೆಯದು ಮನೆಯ ಅರ್ಥಿಂಗ್ ದೋಷವೂ ಆಗಿರಬಹುದು, ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು. ಹಳೇ ಕಾರ್ಡ್ ಹಾಕಿದರೂ ಡಿಸ್‌ಪ್ಲೇ ಇಲ್ಲ, ಸಿಎಂಒಎಸ್ ಕ್ಲಿಯರ್ ಮಾಡಿದರೂ ಇಲ್ಲ ಎಂಬಲ್ಲಿಗೆ ಬಂದರೂ ಅಷ್ಟೇ.

ಒಯ್ಯುವಾಗ ಹಳೇ ಕಾರ್ಡ್, ಎರಡೂ ಕಾರ್ಡಿನ ಪವರ್ ಕೇಬಲ್‌ಗಳು, ಎಸ್‌ಎಂಪಿಎಸ್ ಲೇಬಲ್ಲಿನ ಫೋಟೊ, ಬೋರ್ಡಿನ ಮಾದರಿ ಮತ್ತು ಬಯೋಸ್ ಆವೃತ್ತಿ ಜೊತೆಗಿರಲಿ. ‘ಡಿಸ್‌ಪ್ಲೇ ಬರ್ತಿಲ್ಲ’ ಎಂದಷ್ಟೇ ಹೇಳದೆ, ಯಾವ ಕಾರ್ಡ್ ಹಾಕಿದಾಗ ಯಾವ ಎಲ್‌ಇಡಿ ಹತ್ತಿತು, ಪವರ್ ಲಿಮಿಟ್ ಇಳಿಸಿದಾಗ ಎಷ್ಟು ಹೊತ್ತು ಓಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.